ಅಜ್ಜಿಗೊಂದು ಬಟನ್

ಮಕ್ಕಳೇ, ಇದನ್ನು ಓದುವ ಮೊದಲು ಒಂದು ಕೆಲಸ ಮಾಡಿ. ಎದ್ದು ಹೋಗಿ, ನಿಮ್ಮ ಮನೆಯ ಟಿವಿ ಹತ್ತಿರ ಎಷ್ಟು ರಿಮೋಟ್ ಇವೆ ಅಂತ ಎಣಿಸಿ ಬನ್ನಿ. ಸೋಫಾ ಸಂದಿಯಲ್ಲಿ ಸಿಕ್ಕಿಕೊಂಡಿರುವುದನ್ನೂ ಲೆಕ್ಕಕ್ಕೆ ಸೇರಿಸಿ.

ಎಷ್ಟಿವೆ? ಮೂರಾ? ನಾಲ್ಕಾ? ನಮ್ಮ ಮನೆಯಲ್ಲಿ ಐದು ಇದ್ದವು. ಟಿವಿಯದು ಒಂದು, ಸೌಂಡ್‌ಬಾರ್‌ನದು ಒಂದು, ಡಿವಿಡಿ ಪ್ಲೇಯರ್‌ನದು ಒಂದು, ಕನ್ನಡ ಚಾನೆಲ್ ಬರುವ ಪುಟ್ಟ ಪೆಟ್ಟಿಗೆಯದು ಒಂದು. ಐದನೆಯದು ಯಾವುದರದು ಅಂತ ಇವತ್ತಿಗೂ ಯಾರಿಗೂ ಗೊತ್ತಿಲ್ಲ. ಆದರೆ ಎಸೆಯೋಕೆ ಧೈರ್ಯ ಬರಲ್ಲ!

ಹೋದ ಚಳಿಗಾಲದಲ್ಲಿ ನಮ್ಮಮ್ಮ, ಅಂದರೆ ನನ್ನ ಮಕ್ಕಳ ಅಜ್ಜಿ, ತಿಪಟೂರಿನಿಂದ ವುಡ್‌ರಿಡ್ಜ್‌ಗೆ ಬಂದಿದ್ದರು. ಬೆಳಿಗ್ಗೆ ಏಳೂವರೆಗೆಲ್ಲ ನಾವು ಆಫೀಸಿಗೆ, ಮಕ್ಕಳು ಶಾಲೆಗೆ. ಹೊರಗೆ ಹಿಮ. ಅಜ್ಜಿ ಒಬ್ಬರೇ ಮನೆಯಲ್ಲಿ. ಅವರಿಗೆ ಇದ್ದ ಒಂದೇ ಸಂಗಾತಿ ಟಿವಿ. ಇಲ್ಲಿ ಚಳಿಗಾಲದ ಬೆಳಿಗ್ಗೆ 8 ಗಂಟೆ ಆದಾಗ ಊರಿನಲ್ಲಿ ಸಂಜೆ 7:30. ಅಲ್ಲಿ ಧಾರಾವಾಹಿ ಶುರುವಾಗುವ ಹೊತ್ತು. ತಿಪಟೂರಿನಲ್ಲಿ ಚಿಕ್ಕಮ್ಮ ನೋಡುವ ಧಾರಾವಾಹಿಯನ್ನೇ ಇಲ್ಲಿ ಅಜ್ಜಿ ಅದೇ ಹೊತ್ತಿಗೆ ನೋಡುತ್ತಿದ್ದರು. ಮುಗಿದ ಮೇಲೆ ಅಕ್ಕ ತಂಗಿ ಫೋನಿನಲ್ಲಿ ಕೂತು, ಆ ಸೊಸೆ ಹಾಗೆ ಮಾಡಬಾರದಿತ್ತು, ಈ ಅತ್ತೆ ಹೀಗೆ ಅನ್ನಬಾರದಿತ್ತು ಅಂತ ಅರ್ಧ ಗಂಟೆ ಮಾತು.

ಒಂದು ದಿನ ಸಂಜೆ ಮನೆಗೆ ಬಂದಾಗ ಅಜ್ಜಿ ಯಾಕೋ ಸಪ್ಪಗಿದ್ದರು. "ಇವತ್ತು ಏನಾಯ್ತಮ್ಮ ಧಾರಾವಾಹಿಯಲ್ಲಿ?" ಅಂತ ಕೇಳಿದೆ.

"ನೋಡ್ಲಿಲ್ಲ ಕಣೆ. ಟಿವಿ ಹಾಕಿದ್ರೆ ಬರೀ ನೀಲಿ ಬಣ್ಣ. ಏನೋ ಇಂಗ್ಲಿಷಲ್ಲಿ ಬರೆದಿತ್ತು. ಎಲ್ಲ ರಿಮೋಟೂ ಒತ್ತಿ ನೋಡ್ದೆ."

"ಫೋನ್ ಮಾಡ್ಬಾರ್ದಿತ್ತಾ?"

"ನೀನು ಮೀಟಿಂಗಲ್ಲಿ ಇರ್ತೀಯ. ಒಂದು ಟಿವಿಗೋಸ್ಕರ ಯಾಕೆ ತೊಂದರೆ ಕೊಡೋದು ಅಂತ ಸುಮ್ನಿದ್ದೆ."

ಅವತ್ತು ಅವರು ಬೆಳಿಗ್ಗೆಯಿಂದ ಸಂಜೆವರೆಗೆ ಕಿಟಕಿ ಹತ್ತಿರ ಕೂತಿದ್ದರಂತೆ. ಹಿಮ ತಳ್ಳುವ ಲಾರಿ ಎರಡು ಸಲ ಬಂತು ಅಂತ ಲೆಕ್ಕ ಹೇಳಿದರು.

ಟಿವಿ ಕೆಟ್ಟಿರಲಿಲ್ಲ. ಹಿಂದಿನ ರಾತ್ರಿ ನನ್ನ ಮಗ ವಿಡಿಯೋ ಗೇಮ್ ಆಡಿ ಹಾಗೇ ಬಿಟ್ಟು ಮಲಗಿದ್ದ, ಅಷ್ಟೇ. ಅವತ್ತು ರಾತ್ರಿ ಏಳನೇ ತರಗತಿಯ ನನ್ನ ಮಗಳು ಒಂದು ತೀರ್ಮಾನಕ್ಕೆ ಬಂದಳು: ಅಜ್ಜಿಗೆ ಒಂದೇ ಒಂದು ಬಟನ್ ಬೇಕು. ಒತ್ತಿದರೆ ಕನ್ನಡ ಬರಬೇಕು. ಅದು ಕೇಳುವಷ್ಟು ಸುಲಭ ಆಗಿರಲಿಲ್ಲ. ನಿಮ್ಮ ಮನೆಗೂ ಅಜ್ಜಿ ತಾತ ಬರುತ್ತಾರಲ್ಲ, ಅದಕ್ಕೇ ನಾವು ಕಲಿತದ್ದನ್ನು ನಿಮಗೂ ಹೇಳುತ್ತೇನೆ.

ಟಿವಿಗೆ ಎಷ್ಟು ಬಾಗಿಲು?

ನಿಮ್ಮ ಟಿವಿಯ ಹಿಂದೆ ಬಗ್ಗಿ ನೋಡಿ. ವೈರ್ ಸಿಕ್ಕಿಸುವ ತೂತುಗಳು ಕಾಣುತ್ತವೆ. ಪಕ್ಕದಲ್ಲಿ ಎಚ್‌ಡಿಎಂಐ 1, ಎಚ್‌ಡಿಎಂಐ 2 ಅಂತ ಬರೆದಿರುತ್ತದೆ. ಆಂಟೆನಾ ಸಿಕ್ಕಿಸಲು ಇನ್ನೊಂದು ದುಂಡನೆಯ ಜಾಗ. ಇವೇ ಇನ್‌ಪುಟ್‌ಗಳು.

ಟಿವಿಯನ್ನು ಒಂದು ಮನೆ ಅಂದುಕೊಳ್ಳಿ. ಇನ್‌ಪುಟ್‌ಗಳು ಅದರ ಬಾಗಿಲುಗಳು. ಒಂದು ಸಲಕ್ಕೆ ಒಂದೇ ಬಾಗಿಲು ತೆರೆದಿರುತ್ತದೆ. ಗೇಮ್‌ನ ಬಾಗಿಲು ತೆರೆದಿದ್ದರೆ ಕನ್ನಡದ ಪೆಟ್ಟಿಗೆ ತನ್ನ ಬಾಗಿಲಲ್ಲಿ ನಿಂತು ಎಷ್ಟು ಕೂಗಿದರೂ ಒಳಗೆ ಕೇಳಿಸುವುದಿಲ್ಲ. ತೆರೆದ ಬಾಗಿಲ ಆಚೆ ಯಾರೂ ಇಲ್ಲದಿದ್ದರೆ ಟಿವಿ "ನೋ ಸಿಗ್ನಲ್" ಅನ್ನುತ್ತದೆ. ಅಜ್ಜಿ ಕಂಡದ್ದು ಅದನ್ನೇ.

ನಮ್ಮ ಟಿವಿಯ ಬಾಗಿಲುಗಳು ಹೀಗಿದ್ದವು: ಆಂಟೆನಾ, ಎಚ್‌ಡಿಎಂಐ 1ರಲ್ಲಿ ಡಿವಿಡಿ, ಎಚ್‌ಡಿಎಂಐ 2ರಲ್ಲಿ ಕನ್ನಡದ ಪೆಟ್ಟಿಗೆ, ಎಚ್‌ಡಿಎಂಐ 3ರಲ್ಲಿ ಗೇಮ್. ಈ ಪಟ್ಟಿ ನೆನಪಿಡಿ. ಮುಂದೆ ಒಂದು ಲೆಕ್ಕ ಮಾಡೋದಿದೆ.

ರಿಮೋಟ್ ನಮ್ಮ ಪಕ್ಕದೂರಿನದು!

ವೈರ್ ಇಲ್ಲದ ಟಿವಿ ರಿಮೋಟ್ ಹುಟ್ಟಿದ್ದು ಎಲ್ಲಿ ಗೊತ್ತಾ? ನಮ್ಮ ಶಿಕಾಗೋದಲ್ಲೇ. ಇಲ್ಲಿನ ಝೆನಿತ್ ಕಂಪನಿ 1950ರಲ್ಲಿ ಒಂದು ರಿಮೋಟ್ ಮಾಡಿತು. ಅದರ ಹೆಸರು ಲೇಜಿ ಬೋನ್ಸ್, ಅಂದರೆ ಸೋಮಾರಿ! ಆದರೆ ಅದರಿಂದ ಟಿವಿವರೆಗೆ ಉದ್ದನೆಯ ವೈರ್ ಇತ್ತು. ಜನ ಎಡವಿ ಬೀಳುತ್ತಿದ್ದರು.

1955ರಲ್ಲಿ ಅದೇ ಕಂಪನಿಯ ಯೂಜೀನ್ ಪಾಲಿ ಎಂಬ ಎಂಜಿನಿಯರ್ ಫ್ಲ್ಯಾಶ್‌ಮ್ಯಾಟಿಕ್ ಎಂಬ ರಿಮೋಟ್ ಮಾಡಿದರು. ಶಿಕಾಗೋದಲ್ಲೇ ಹುಟ್ಟಿದವರು, 1935ರಲ್ಲಿ ಝೆನಿತ್‌ನ ಉಗ್ರಾಣದಲ್ಲಿ ಕೆಲಸಕ್ಕೆ ಸೇರಿ ಮೇಲೆ ಬಂದವರು. ಅವರ ರಿಮೋಟ್ ನೋಡೋಕೆ ಆಟದ ಪಿಸ್ತೂಲಿನ ಹಾಗೆ. ಟಿವಿ ಪರದೆಯ ನಾಲ್ಕು ಮೂಲೆಗಳಲ್ಲಿ ಬೆಳಕು ಗುರುತಿಸುವ ನಾಲ್ಕು ಕಣ್ಣುಗಳಿದ್ದವು. ಒಂದೊಂದು ಮೂಲೆಗೆ ಬೆಳಕು ಬಿಟ್ಟರೆ ಒಂದೊಂದು ಕೆಲಸ. ತೊಂದರೆ ಏನೆಂದರೆ, ಕಿಟಕಿಯಿಂದ ಬಿಸಿಲು ಬಿದ್ದರೂ ಟಿವಿ ತಾನಾಗಿ ಚಾನೆಲ್ ಬದಲಿಸಿಬಿಡುತ್ತಿತ್ತು!

ಮರುವರ್ಷ, 1956ರಲ್ಲಿ, ಅದೇ ಕಂಪನಿಯಲ್ಲಿದ್ದ ರಾಬರ್ಟ್ ಆಡ್ಲರ್ ಬೆಳಕಿನ ಬದಲು ಶಬ್ದ ಬಳಸಿದರು. ಅವರು ಹುಟ್ಟಿದ್ದು ವಿಯೆನ್ನಾದಲ್ಲಿ. ಅವರ ಸ್ಪೇಸ್ ಕಮಾಂಡ್ ರಿಮೋಟಿಗೆ ಬ್ಯಾಟರಿಯೇ ಬೇಕಿರಲಿಲ್ಲ. ಒಳಗೆ ನಾಲ್ಕು ಅಲ್ಯೂಮಿನಿಯಂ ಸರಳುಗಳು. ಬಟನ್ ಒತ್ತಿದರೆ ಪುಟ್ಟ ಸುತ್ತಿಗೆಯೊಂದು ಸರಳಿಗೆ ಟಕ್ ಅಂತ ಬಡಿಯುತ್ತಿತ್ತು. ಆಗ ಹುಟ್ಟುವ ಶಬ್ದ ಮನುಷ್ಯರ ಕಿವಿಗೆ ಕೇಳಿಸದಷ್ಟು ಕೀರಲು, ಆದರೆ ಟಿವಿಗೆ ಕೇಳಿಸುತ್ತಿತ್ತು. ಇವತ್ತಿಗೂ ಇಲ್ಲಿ ಕೆಲವರು ರಿಮೋಟಿಗೆ ಕ್ಲಿಕರ್ ಅನ್ನುವುದು ಆ ಟಕ್ ಶಬ್ದದಿಂದಲೇ. ಇದಕ್ಕೂ ಒಂದು ತೊಂದರೆ ಇತ್ತು. ಚಿಲ್ಲರೆ ಕಾಸು ಝಣಝಣ ಅಂದರೆ ಟಿವಿ ಅದನ್ನೂ ರಿಮೋಟ್ ಅಂದುಕೊಂಡು ಚಾನೆಲ್ ಬದಲಿಸಬಹುದಿತ್ತು.

ವೈರ್‌ಲೆಸ್ ರಿಮೋಟ್ ಕಂಡುಹಿಡಿದದ್ದಕ್ಕೆ 1997ರಲ್ಲಿ ಪಾಲಿ ಮತ್ತು ಆಡ್ಲರ್ ಇಬ್ಬರಿಗೂ ಎಮ್ಮಿ ಪ್ರಶಸ್ತಿಯ ಗೌರವ ಸಿಕ್ಕಿತು. ಪಾಲಿ 2012ರಲ್ಲಿ, ತಮ್ಮ 96ನೇ ವಯಸ್ಸಿನಲ್ಲಿ ತೀರಿಕೊಂಡರು. ಎಲ್ಲಿ ಅಂತೀರಾ? ನಮ್ಮ ವುಡ್‌ರಿಡ್ಜ್‌ನ ಪಕ್ಕದ ಡೌನರ್ಸ್ ಗ್ರೋವ್‌ನಲ್ಲಿ.

ಬಿಸಿಲಿಗೂ ಕುಣಿದ ಟಿವಿ, ಚಿಲ್ಲರೆಗೂ ಕುಣಿದ ಟಿವಿ. ಇವೆರಡರಿಂದ ಒಂದು ಪಾಠ ಸಿಕ್ಕಿತು. ಬರೀ ಬೆಳಕು ಸಾಲದು, ಬರೀ ಶಬ್ದ ಸಾಲದು. ಟಿವಿಗೆ ಒಂದು ಭಾಷೆ ಬೇಕು.

ಲಘು, ಗುರು ಮತ್ತು ರಿಮೋಟ್

1980ರ ದಶಕದಿಂದ ಮನೆಮನೆಯ ರಿಮೋಟುಗಳು ಇನ್‌ಫ್ರಾರೆಡ್ ಎಂಬ ಬೆಳಕಿನಲ್ಲಿ ಮಾತಾಡುತ್ತಿವೆ. ಅದು ನಮ್ಮ ಕಣ್ಣಿಗೆ ಕಾಣದ ಬೆಳಕು. ಆದರೆ ಫೋನಿನ ಕಣ್ಣಿಗೆ ಕಾಣುತ್ತದೆ! ಅಪ್ಪನದೋ ಅಮ್ಮನದೋ ಫೋನ್ ಇಸ್ಕೊಂಡು ಸೆಲ್ಫಿ ಕ್ಯಾಮೆರಾ ತೆರೆಯಿರಿ. ರಿಮೋಟಿನ ಮೂತಿಯನ್ನು ಕ್ಯಾಮೆರಾ ಕಡೆ ಹಿಡಿದು ಬಟನ್ ಒತ್ತಿ. ಫೋನ್ ಪರದೆಯಲ್ಲಿ ನೇರಳೆಯೋ ಬಿಳಿಯೋ ಆದ ಬೆಳಕು ಮಿಣಮಿಣ ಅನ್ನುತ್ತದೆ. ಹಿಂದಿನ ಕ್ಯಾಮೆರಾದಲ್ಲಿ ಕಾಣದೇ ಇರಬಹುದು, ಯಾಕೆಂದರೆ ಎಷ್ಟೋ ಫೋನುಗಳಲ್ಲಿ ಅದಕ್ಕೆ ಇನ್‌ಫ್ರಾರೆಡ್ ತಡೆಯುವ ಗಾಜು ಇರುತ್ತದೆ.

ಆದರೆ ಬಿಸಿಲಿನಲ್ಲೂ ಇನ್‌ಫ್ರಾರೆಡ್ ಇದೆ, ಒಲೆಯಲ್ಲೂ ಇದೆ, ನಮ್ಮ ಮೈಯಿಂದಲೂ ಬರುತ್ತದೆ. ಇಷ್ಟು ಗದ್ದಲದಲ್ಲಿ ಟಿವಿಗೆ ರಿಮೋಟಿನ ಬೆಳಕು ಹೇಗೆ ಗೊತ್ತಾಗಬೇಕು? ಅದಕ್ಕೊಂದು ಉಪಾಯ: ರಿಮೋಟಿನ ಬೆಳಕು ಸೆಕೆಂಡಿಗೆ ಸುಮಾರು 38,000 ಸಲ ಮಿನುಗುತ್ತದೆ. ಬಿಸಿಲು ಹಾಗೆ ಮಿನುಗುವುದಿಲ್ಲ. ಜಾತ್ರೆಯ ಗದ್ದಲದಲ್ಲೂ ಅಮ್ಮನ ದನಿ ನಿಮಗೆ ಗೊತ್ತಾಗುತ್ತದಲ್ಲ, ಹಾಗೆ ಟಿವಿ ಆ ಮಿನುಗನ್ನು ಮಾತ್ರ ಆರಿಸಿಕೊಳ್ಳುತ್ತದೆ.

ಈಗ ಆ ಭಾಷೆ. ದೊಡ್ಡ ಮಕ್ಕಳಿಗೆ ತರಗತಿಯಲ್ಲಿ ಛಂದಸ್ಸು ಹೇಳಿಕೊಟ್ಟಿರುತ್ತಾರೆ. ಲಘು ಅಂದರೆ ಒಂದು ಮಾತ್ರೆ, ಗುರು ಅಂದರೆ ಎರಡು ಮಾತ್ರೆ. "ಕ" ಲಘು, "ಕಾ" ಗುರು. ರಿಮೋಟಿಗೂ ಹೀಗೇ ಎರಡೇ ಅಕ್ಷರ! ಜಪಾನಿನ ಎನ್‌ಇಸಿ ಕಂಪನಿ ರೂಪಿಸಿದ ವಿಧಾನ ಬಹಳ ರಿಮೋಟುಗಳಲ್ಲಿದೆ. ಅದರಲ್ಲಿ ಸೊನ್ನೆಗೆ ಹಿಡಿಯುವ ಹೊತ್ತು 1.125 ಮಿಲಿಸೆಕೆಂಡ್. ಒಂದಕ್ಕೆ ಹಿಡಿಯುವ ಹೊತ್ತು 2.25 ಮಿಲಿಸೆಕೆಂಡ್, ಸರಿಯಾಗಿ ಎರಡರಷ್ಟು. ಒಂದು ಲಘು, ಒಂದು ಗುರು!

ನೀವು ಬಟನ್ ಒತ್ತಿದಾಗ ರಿಮೋಟ್ ಇಂಥ 32 ಅಕ್ಷರದ ಒಂದು ಸಾಲು ಹೇಳುತ್ತದೆ. ಮೊದಲ 8 ಅಕ್ಷರ "ಯಾರಿಗೆ" ಅಂತ ಹೇಳುತ್ತವೆ. ಅದು ವಿಳಾಸ. ಮೂರನೆಯ ಗುಂಪಿನ 8 ಅಕ್ಷರ "ಏನು ಮಾಡು" ಅಂತ ಹೇಳುತ್ತವೆ. ಅದು ಕೆಲಸ. ಎರಡನೆಯ ಮತ್ತು ನಾಲ್ಕನೆಯ ಗುಂಪಿನಲ್ಲಿ ಹಿಂದಿನದನ್ನೇ ತಿರುವುಮುರುವು ಮಾಡಿ ಹೇಳುತ್ತದೆ. ಲಘು ಇದ್ದಲ್ಲಿ ಗುರು, ಗುರು ಇದ್ದಲ್ಲಿ ಲಘು. ಉದಾಹರಣೆಗೆ,

∪ ∪ – ∪ – – ∪ ∪ ಅಂತ ಹೇಳಿದ ಮೇಲೆ
– – ∪ – ∪ ∪ – – ಅಂತ ಹೇಳಬೇಕು.

ಯಾಕೆ? ತಪ್ಪು ಹಿಡಿಯೋಕೆ. ಎರಡೂ ಸರಿಯಾಗಿ ಹೊಂದಿದರೆ ಮಾತ್ರ ಟಿವಿ ಕೆಲಸ ಮಾಡುತ್ತದೆ. ಇಲ್ಲದಿದ್ದರೆ ಕೇಳಿಸಲೇ ಇಲ್ಲ ಅನ್ನುವಂತೆ ಸುಮ್ಮನಿರುತ್ತದೆ. ಹಾಗಾಗಿ ಕಾಸಿನ ಝಣಝಣಕ್ಕೆ ಈಗ ಚಾನೆಲ್ ಬದಲಾಗುವುದಿಲ್ಲ. ಶುರುವಿನ ಉದ್ದನೆಯ ಕೂಗನ್ನೂ ಸೇರಿಸಿ ಪೂರ್ತಿ ಸಾಲಿಗೆ ಹಿಡಿಯುವುದು 67.5 ಮಿಲಿಸೆಕೆಂಡ್. ನೀವು ಕಣ್ಣು ಮಿಟುಕಿಸುವಷ್ಟರಲ್ಲಿ ಮುಗಿದಿರುತ್ತದೆ. (ಲೆಕ್ಕದ ಹುಡುಗರಿಗೆ ಒಂದು ಪ್ರಶ್ನೆ: ಈ 32ರಲ್ಲಿ ಯಾವಾಗಲೂ ಲಘು ಎಷ್ಟು, ಗುರು ಎಷ್ಟು? ಉತ್ತರ ಕೊನೆಯಲ್ಲಿದೆ.)

ಎಲ್ಲ ಕಂಪನಿಗಳ ಭಾಷೆ ಒಂದೇ ಅಲ್ಲ. ಸೋನಿಯ ಛಂದಸ್ಸು ಬೇರೆ, ಫಿಲಿಪ್ಸ್‌ನದು ಬೇರೆ. ಅದಕ್ಕೇ ಮನೆಯಲ್ಲಿ ಐದು ರಿಮೋಟ್ ಸೇರುವುದು.

ಹಲವು ಭಾಷೆ ಬಲ್ಲ ರಿಮೋಟ್

ಎಲ್ಲ ಭಾಷೆಯನ್ನೂ ಒಂದೇ ರಿಮೋಟಿಗೆ ಕಲಿಸಿದರೆ? ಅದೇ ಯೂನಿವರ್ಸಲ್ ರಿಮೋಟ್. 1985ರಲ್ಲಿ ಫಿಲಿಪ್ಸ್ ಕಂಪನಿ ಮ್ಯಾಗ್ನವಾಕ್ಸ್ ಹೆಸರಿನಲ್ಲಿ ಇಂಥದ್ದನ್ನು ಹೊರತಂದಿತು. ಆಪಲ್ ಕಂಪ್ಯೂಟರ್ ಕಟ್ಟಿದ ಸ್ಟೀವ್ ವೋಜ್ನಿಯಾಕ್ ಗೊತ್ತಲ್ಲ? ಅವರೂ ಆಪಲ್ ಬಿಟ್ಟ ಮೇಲೆ ಮಾಡಿದ್ದು ಇದನ್ನೇ. 1987ರಲ್ಲಿ ಕೋರ್ ಎಂಬ ಯೂನಿವರ್ಸಲ್ ರಿಮೋಟ್ ಹೊರತಂದರು.

ಈ ರಿಮೋಟಿಗೆ ಭಾಷೆ ಕಲಿಸಲು ಎರಡು ದಾರಿ.

ಮೊದಲನೆಯದು ಕೋಡ್ ದಾರಿ. ಬಹಳಷ್ಟು ಕಂಪನಿಗಳ ಭಾಷೆ ರಿಮೋಟಿನೊಳಗೆ ಆಗಲೇ ಇರುತ್ತದೆ. ನೀವು ಯಾವುದು ಬೇಕು ಅಂತ ನಂಬರ್ ಕೊಟ್ಟರೆ ಸಾಕು.

1. ಹೊಸ ಬ್ಯಾಟರಿ ಹಾಕಿ. ಟಿವಿಯನ್ನು ಮೊದಲೇ ಆನ್ ಮಾಡಿಡಿ.
2. ಸೆಟಪ್ ಎಂಬ ಬಟನನ್ನು ದೀಪ ಹೊತ್ತುವ ತನಕ ಒತ್ತಿ ಹಿಡಿಯಿರಿ. ಆಮೇಲೆ ಟಿವಿ ಬಟನ್ ಒತ್ತಿ. (ನಿಮ್ಮ ರಿಮೋಟಿನಲ್ಲಿ ಸ್ವಲ್ಪ ಬೇರೆ ಥರ ಇರಬಹುದು. ಜೊತೆಗೆ ಬಂದ ಕಾಗದ ಓದಿ.)
3. ಕಾಗದದಲ್ಲಿ ನಿಮ್ಮ ಟಿವಿ ಕಂಪನಿಯ ಹೆಸರಿನ ಮುಂದೆ ಇರುವ ನಂಬರನ್ನು ಒತ್ತಿ.
4. ಪರೀಕ್ಷೆ ಮಾಡಿ. ಇಲ್ಲಿ ಎಲ್ಲರೂ ಒಂದು ತಪ್ಪು ಮಾಡುತ್ತಾರೆ. ಪವರ್ ಬಟನ್ ಕೆಲಸ ಮಾಡಿತು ಅಂದಕೂಡಲೇ ಚಪ್ಪಾಳೆ ತಟ್ಟಿ ಎದ್ದುಬಿಡುತ್ತಾರೆ. ಒಂದೇ ಕಂಪನಿಗೆ ನಾಲ್ಕಾರು ನಂಬರ್ ಇರುತ್ತವೆ. ಒಂದರಲ್ಲಿ ಪವರ್ ಬರುತ್ತೆ, ವಾಲ್ಯೂಮ್ ಬರುತ್ತೆ, ಇನ್‌ಪುಟ್ ಬರಲ್ಲ! ಮೂರನ್ನೂ ಒತ್ತಿ ನೋಡಿ. ಬರದಿದ್ದರೆ ಮುಂದಿನ ನಂಬರ್ ಹಾಕಿ.
5. ಸರಿಹೋದ ನಂಬರನ್ನು ಚೀಟಿಯಲ್ಲಿ ಬರೆದು ಬ್ಯಾಟರಿ ಮುಚ್ಚಳದ ಒಳಗೆ ಅಂಟಿಸಿ. ಇದನ್ನು ಮಾತ್ರ ಮರೆಯಬೇಡಿ.

ಎರಡನೆಯದು ಕಲಿಯುವ ದಾರಿ. ಕೆಲವು ರಿಮೋಟುಗಳಿಗೆ ಕಿವಿಯೂ ಇರುತ್ತದೆ. ಹಳೆಯ ರಿಮೋಟ್ ಮತ್ತು ಹೊಸ ರಿಮೋಟನ್ನು ಮೇಜಿನ ಮೇಲೆ ಮುಖಾಮುಖಿ ಮಲಗಿಸಿ. ನಡುವೆ ಒಂದೆರಡು ಅಂಗುಲ ಜಾಗ ಬಿಡಿ. ಬಿಸಿಲು ಬೀಳುವ ಕಡೆ ಬೇಡ. ಹೊಸದರಲ್ಲಿ ಲರ್ನ್ ಬಟನ್ ಒತ್ತಿ, ಯಾವ ಬಟನಿಗೆ ಕಲಿಸಬೇಕೋ ಅದನ್ನು ಒತ್ತಿ, ಆಮೇಲೆ ಹಳೆಯದರ ಬಟನ್ ಒತ್ತಿ. ಮೇಷ್ಟ್ರು ಹೇಳಿಕೊಟ್ಟಂತೆ ಹಳೆಯದು ಹೇಳುತ್ತದೆ, ಹೊಸದು ಕೇಳಿ ನೆನಪಿಟ್ಟುಕೊಳ್ಳುತ್ತದೆ.

ಮಗಳ ಮೊದಲ ಪ್ರಯತ್ನ

ನಮ್ಮ ಹೊಸ ರಿಮೋಟಿನಲ್ಲಿ ಮ್ಯಾಕ್ರೊ ಎಂಬ ಸೌಲಭ್ಯ ಇತ್ತು. ಮ್ಯಾಕ್ರೊ ಅಂದರೆ ಒಂದು ಬಟನ್ ಒತ್ತಿದರೆ ಹಲವು ಬಟನ್ ಸಾಲಾಗಿ ಒತ್ತಿದ ಹಾಗೆ. ಮಗಳು ಟಿವಿಯನ್ನು ಆಂಟೆನಾದಲ್ಲಿಟ್ಟು ಎಣಿಸಿದಳು. ಇನ್‌ಪುಟ್ ಒಂದು ಸಲ ಒತ್ತಿದರೆ ಎಚ್‌ಡಿಎಂಐ 1. ಎರಡು ಸಲ ಒತ್ತಿದರೆ ಎಚ್‌ಡಿಎಂಐ 2, ಅಂದರೆ ಕನ್ನಡ! "ಪವರ್, ಇನ್‌ಪುಟ್, ಇನ್‌ಪುಟ್" ಅಂತ ಮ್ಯಾಕ್ರೊ ಬರೆದಳು. ಒತ್ತಿದಳು. ಬಂತು ಕನ್ನಡ. ಅಜ್ಜಿ ಲಟಿಕೆ ಮುರಿದು ದೃಷ್ಟಿ ತೆಗೆದರು.

ಮಾರನೆಯ ದಿನ ಬೆಳಿಗ್ಗೆ ಅಜ್ಜಿ ಒತ್ತಿದರೆ ಮತ್ತೆ ನೀಲಿ ಬಣ್ಣ.

ಎಲ್ಲಿ ತಪ್ಪಾಯಿತು? ಮುಂದೆ ಓದುವ ಮೊದಲು ನೀವೇ ಯೋಚಿಸಿ. ಹಿಂದಿನ ರಾತ್ರಿ ತಮ್ಮ ಮತ್ತೆ ಗೇಮ್ ಆಡಿದ್ದ. ಟಿವಿ ಎದ್ದದ್ದು ಎಚ್‌ಡಿಎಂಐ 3ರಲ್ಲಿ. ಅಲ್ಲಿಂದ ಎರಡು ಹೆಜ್ಜೆ ಮುಂದೆ ಹೋದರೆ ಏನು ಬರುತ್ತದೆ? ಮೊದಲ ಹೆಜ್ಜೆಗೆ ಆಂಟೆನಾ, ಎರಡನೆಯದಕ್ಕೆ ಎಚ್‌ಡಿಎಂಐ 1, ಅಂದರೆ ಡಿವಿಡಿ. ಡಿವಿಡಿ ಆಫ್ ಆಗಿತ್ತು. ಹಾಗಾಗಿ ನೋ ಸಿಗ್ನಲ್. ಎಚ್‌ಡಿಎಂಐ 1ರಿಂದ ಹೊರಟರೆ ಗೇಮ್ ಬರುತ್ತದೆ. ಕನ್ನಡದಿಂದಲೇ ಹೊರಟರಂತೂ ಕನ್ನಡವನ್ನು ಬಿಟ್ಟು ಆಂಟೆನಾಗೆ ಹೋಗುತ್ತದೆ! ನಾಲ್ಕು ಬಾಗಿಲಲ್ಲಿ ಒಂದರಿಂದ ಹೊರಟರೆ ಮಾತ್ರ ಈ ಮ್ಯಾಕ್ರೊ ಸರಿ.

ಪವರ್ ಬಟನಿಗೂ ಇದೇ ರೋಗ. ಅದು "ಆನ್ ಆಗು" ಅನ್ನುವುದಿಲ್ಲ, "ಈಗ ಇರುವುದಕ್ಕೆ ಉಲ್ಟಾ ಆಗು" ಅನ್ನುತ್ತದೆ. ಟಿವಿ ಆಗಲೇ ಆನ್ ಆಗಿದ್ದರೆ ಅಜ್ಜಿಯ ಬಟನ್ ಅದನ್ನು ಆಫ್ ಮಾಡಿಬಿಡುತ್ತದೆ.

ಮಾಳಿಗೆ ಮೇಲಿನ ಅಪ್ಪ

ಇದರ ಮೂಲ ಎಲ್ಲಿದೆ ಅಂತ ನಿಮ್ಮ ಅಪ್ಪ ಅಮ್ಮನನ್ನು ಕೇಳಿ. ಅವರು ಚಿಕ್ಕವರಿದ್ದಾಗ ಊರಿನಲ್ಲಿ ಟಿವಿ ಚಿತ್ರ ಚುಕ್ಕಿಚುಕ್ಕಿಯಾದರೆ ಒಬ್ಬರು ಮಾಳಿಗೆ ಹತ್ತಿ ಆಂಟೆನಾ ತಿರುಗಿಸಬೇಕಿತ್ತು. ಮೇಲಿಂದ "ಬಂತಾ?" ಅಂತ ಕೂಗು. ಕೆಳಗಿಂದ "ಇಲ್ಲ! ಇನ್ನೂ ಸ್ವಲ್ಪ ಆಕಡೆ! ಹಾಂ, ಬಂತು ಬಂತು, ಅಯ್ಯೋ ಹೋಯ್ತು!" ಅಂತ ಉತ್ತರ. ಕೆಳಗಿನವರ ಉತ್ತರ ಇಲ್ಲದಿದ್ದರೆ ಮಾಳಿಗೆ ಮೇಲಿದ್ದವರಿಗೆ ಏನೂ ಗೊತ್ತಾಗುತ್ತಿರಲಿಲ್ಲ.

ನಮ್ಮ ಇನ್‌ಫ್ರಾರೆಡ್ ರಿಮೋಟ್, ಉತ್ತರವೇ ಕೇಳಿಸದೆ ಮಾಳಿಗೆ ಮೇಲೆ ನಿಂತ ಅಪ್ಪ. ಅದು ಹೇಳುತ್ತದೆ, ಕೇಳುವುದಿಲ್ಲ. ಟಿವಿ ಈಗ ಆನ್ ಇದೆಯಾ, ಯಾವ ಬಾಗಿಲು ತೆರೆದಿದೆ, ಅದಕ್ಕೆ ಗೊತ್ತೇ ಇಲ್ಲ. ಎಲ್ಲಿದ್ದೀಯ ಅಂತ ಗೊತ್ತಿಲ್ಲದವರಿಗೆ "ಅಲ್ಲಿಂದ ಎರಡು ಮನೆ ಮುಂದೆ ಹೋಗು" ಅಂದರೆ ಎಲ್ಲಿಗೆ ಹೋಗಿ ಸೇರುತ್ತಾರೆ?

ಪರಿಹಾರ ಹೇಳಿದ್ದು ಅಜ್ಜಿಯೇ. ಮಗಳು ಇದನ್ನೆಲ್ಲ ವಿವರಿಸಿದಾಗ ಅವರು ಅಂದದ್ದು ಇಷ್ಟು: "ಒಂದು ಮುಂದೆ, ಎರಡು ಮುಂದೆ ಅಂತ ಯಾಕೆ ಎಣಿಸ್ತೀಯ ಪುಟ್ಟಿ? ಹೆಸರು ಹಿಡಿದು ಕರಿ."

ಹೆಸರು ಹಿಡಿದು ಕರೆಯುವುದು

ಸರಿಯಾದ ದಾರಿ ಅದೇ. "ಮುಂದಿನ ಇನ್‌ಪುಟ್" ಎಂಬ ಕೋಡ್ ಬೇರೆ, "ಎಚ್‌ಡಿಎಂಐ 2" ಎಂಬ ನೇರ ಕೋಡ್ ಬೇರೆ. ನೇರ ಕೋಡಿಗೆ ಟಿವಿ ಎಲ್ಲಿದ್ದರೂ ಒಂದೇ. ಅದು ಸೀದಾ ಎಚ್‌ಡಿಎಂಐ 2ಕ್ಕೆ ಬರುತ್ತದೆ. ಹತ್ತು ಸಲ ಒತ್ತಿದರೂ ಅಲ್ಲೇ ಇರುತ್ತದೆ. "ಆನ್" ಎಂಬುದಕ್ಕೂ ಎಷ್ಟೋ ಟಿವಿಗಳಲ್ಲಿ ನೇರ ಕೋಡ್ ಇರುತ್ತದೆ.

ನಮ್ಮ ಟಿವಿಯ ರಿಮೋಟಿನಲ್ಲಿ ಎಚ್‌ಡಿಎಂಐ 2 ಎಂಬ ಬಟನೇ ಇರಲಿಲ್ಲ. ಮಗಳು ಹೊಸ ರಿಮೋಟಿನ ಪಟ್ಟಿಯಲ್ಲಿ ಹುಡುಕಿದಾಗ ನಮ್ಮ ಟಿವಿ ಕಂಪನಿಯ ಕೆಳಗೆ ಆ ಕೋಡ್ ಸಿಕ್ಕಿತು. ಕಳಿಸಿ ನೋಡಿದರೆ ಟಿವಿ ಥಟ್ಟನೆ ಬಂತು! ಅದರ ಸ್ವಂತ ರಿಮೋಟ್ ಒಂದು ದಿನವೂ ಹೇಳದ ಮಾತು ಟಿವಿಗೆ ಮೊದಲಿಂದಲೂ ಅರ್ಥವಾಗುತ್ತಿತ್ತು. ನಮ್ಮ ಶಾಲೆಗೆ ಹೊಸದಾಗಿ ಸೇರುವ ಕೆಲವು ಮಕ್ಕಳ ಹಾಗೆ: ಕನ್ನಡ ಚೆನ್ನಾಗಿ ಅರ್ಥವಾಗುತ್ತೆ, ಯಾರೂ ಅವರ ಜೊತೆ ಮಾತಾಡಿ ನೋಡಿರಲ್ಲ.

ಅಜ್ಜಿಯ ಬಟನಿನ ಹೊಸ ಮ್ಯಾಕ್ರೊ ಹೀಗಾಯಿತು: ಆನ್, 8 ಸೆಕೆಂಡ್ ಕಾಯಿ, ಎಚ್‌ಡಿಎಂಐ 2. ಮಧ್ಯೆ ಯಾಕೆ ಕಾಯಬೇಕು ಅಂದರೆ, ಟಿವಿಗೂ ನಿಮ್ಮ ಹಾಗೇ ಬೆಳಿಗ್ಗೆ ಎದ್ದ ಕೂಡಲೇ ಕಿವಿ ಕೇಳಿಸುವುದಿಲ್ಲ! ಪೂರ್ತಿ ಎಚ್ಚರವಾಗುವ ಮೊದಲು ಹೇಳಿದ ಮಾತು ವ್ಯರ್ಥ. ಅಷ್ಟು ಹೊತ್ತೂ ರಿಮೋಟನ್ನು ಟಿವಿ ಕಡೆಗೇ ಹಿಡಿದಿರಬೇಕು.

ನಿಮ್ಮ ಟಿವಿಗೆ ನೇರ ಕೋಡ್ ಸಿಗದಿದ್ದರೆ? ಇನ್ನೊಂದು ಉಪಾಯ ಇದೆ. ಯಾವ ಬಟನ್ ಒತ್ತಿದರೆ ಟಿವಿ ಯಾವಾಗಲೂ ಒಂದೇ ಜಾಗಕ್ಕೆ ಬರುತ್ತದೆ ಅಂತ ಹುಡುಕಿ. ಎಷ್ಟೋ ಟಿವಿಗಳಲ್ಲಿ ಚಾನೆಲ್ ನಂಬರ್ ಒತ್ತಿದರೆ ಎಲ್ಲಿದ್ದರೂ ಆಂಟೆನಾಗೆ ವಾಪಸ್ ಬರುತ್ತದೆ. ಮೊದಲು ಅಲ್ಲಿಗೆ ಕರೆಸಿ, ಆಮೇಲೆ ಎಣಿಸಿ. ಕುಂಟಾಬಿಲ್ಲೆಯಲ್ಲಿ ಪ್ರತಿ ಸಲ ಮೊದಲ ಗೆರೆಯಿಂದಲೇ ಶುರು ಮಾಡುತ್ತೀರಲ್ಲ, ಹಾಗೆ. ಕೆಲವು ಟಿವಿಗಳಲ್ಲಿ ಇನ್‌ಪುಟ್ ಬಟನಿನ ಮೊದಲ ಒತ್ತು ಬರೀ ಪಟ್ಟಿ ತೆರೆಯುತ್ತದೆ, ಮುಂದೆ ಹೋಗುವುದಿಲ್ಲ. ಎಣಿಸುವಾಗ ಅದನ್ನು ಗಮನಿಸಿ.

ಅಪ್ಪ ಅಮ್ಮಂದಿರಿಗೆ ಎರಡು ಮಾತು

ಒಂದು, ಹೊಸ ಸ್ಟ್ರೀಮಿಂಗ್ ಸ್ಟಿಕ್‌ಗಳ ರಿಮೋಟುಗಳಲ್ಲಿ ಹಲವು ಇನ್‌ಫ್ರಾರೆಡ್ ಬಳಸುವುದಿಲ್ಲ, ಬ್ಲೂಟೂತ್ ಅಥವಾ ವೈಫೈ ಬಳಸುತ್ತವೆ. ಮಾಮೂಲಿ ಯೂನಿವರ್ಸಲ್ ರಿಮೋಟಿನ ಮಾತು ಆ ಸ್ಟಿಕ್‌ಗಳಿಗೆ ಕೇಳಿಸುವುದಿಲ್ಲ. ಕೊಳ್ಳುವ ಮೊದಲು ಸೆಲ್ಫಿ ಕ್ಯಾಮೆರಾ ಪರೀಕ್ಷೆ ಮಾಡಿ. ಹಳೆಯ ರಿಮೋಟಿನಲ್ಲಿ ಯಾವ ಬಟನಿಗೂ ಬೆಳಕು ಮಿಣುಕದಿದ್ದರೆ ಅದು ಬಹುಶಃ ಬೇರೆ ಜಾತಿಯದು.

ಎರಡು, ಎಚ್‌ಡಿಎಂಐ ವೈರಿನಲ್ಲಿ ಸಿಇಸಿ ಎಂಬ ಒಂದು ಎಳೆ ಇದೆ. ಅದರಲ್ಲಿ ಮಾತು ಎರಡೂ ಕಡೆ ಹರಿಯುತ್ತದೆ. ಸ್ಯಾಮ್‌ಸಂಗ್‌ನಲ್ಲಿ ಇದರ ಹೆಸರು ಎನಿನೆಟ್ ಪ್ಲಸ್, ಎಲ್‌ಜಿಯಲ್ಲಿ ಸಿಂಪ್‌ಲಿಂಕ್, ಸೋನಿಯಲ್ಲಿ ಬ್ರಾವಿಯಾ ಸಿಂಕ್. ಇದು ಆನ್ ಇದ್ದರೆ ಪೆಟ್ಟಿಗೆ ಎದ್ದ ಕೂಡಲೇ "ನಾನು ಎದ್ದೆ, ನನ್ನ ಬಾಗಿಲು ತೆಗೆ" ಅಂತ ತಾನೇ ಟಿವಿಗೆ ಹೇಳುತ್ತದೆ. ಬಹಳ ಅನುಕೂಲ. ಆದರೆ ಗೇಮ್ ಪೆಟ್ಟಿಗೆಯೂ ಹಾಗೇ ಹೇಳಬಲ್ಲದು. ಅಜ್ಜಿ ಧಾರಾವಾಹಿ ನೋಡುವಾಗ ಮೊಮ್ಮಗ ಗೇಮ್ ಆನ್ ಮಾಡಿದರೆ ಬಾಗಿಲು ಅತ್ತ ತಿರುಗುತ್ತದೆ. ನಿಮ್ಮ ಮನೆಗೆ ಯಾವುದು ಸರಿ ಅಂತ ನೋಡಿ ಇಟ್ಟುಕೊಳ್ಳಿ.

ಪರೀಕ್ಷೆ

ಮಗಳು ಈ ಸಲ ಒಂದು ಸಲ ನೋಡಿ ಖುಷಿಪಡಲಿಲ್ಲ. ನಾಲ್ಕು ಬಾಗಿಲು, ಪ್ರತಿ ಬಾಗಿಲಿಗೂ ಟಿವಿ ಆನ್ ಇದ್ದಾಗ ಒಂದು, ಆಫ್ ಇದ್ದಾಗ ಒಂದು. ಒಟ್ಟು ಎಂಟು ಪರೀಕ್ಷೆ. ಕಾಗದದಲ್ಲಿ ಎಂಟು ಚೌಕ ಹಾಕಿ ಒಂದೊಂದಾಗಿ ಗುರುತು ಹಾಕಿದಳು. ಒಂಬತ್ತನೆಯ ಪರೀಕ್ಷೆ ಅಜ್ಜಿಯದು: ನಾವೆಲ್ಲ ಅಡುಗೆಮನೆಯಲ್ಲಿ ನಿಂತೆವು, ಅಜ್ಜಿ ಒಬ್ಬರೇ ಹಾಲ್‌ನಲ್ಲಿ. ಯಾರೂ ಬಾಯಿ ಬಿಡಬಾರದು ಅಂತ ಮಗಳ ಅಪ್ಪಣೆ.

ಆಗ ಗೊತ್ತಾದದ್ದು: ಅಜ್ಜಿಗೆ ಬಟನ್ ಕಾಣುತ್ತಿರಲಿಲ್ಲ! ಕನ್ನಡಕ ಹಾಕಿಕೊಂಡರೆ ರಿಮೋಟ್ ಕಾಣುತ್ತೆ, ಟಿವಿ ಮಂಜು. ತೆಗೆದರೆ ಟಿವಿ ಕಾಣುತ್ತೆ, ರಿಮೋಟ್ ಮಂಜು. ಮಗಳು ಆ ಬಟನ್ ಮೇಲೆ ತನ್ನ ಕೆಂಪು ನೇಲ್ ಪಾಲಿಶ್‌ನ ಒಂದು ದಪ್ಪ ಚುಕ್ಕಿ ಇಟ್ಟಳು. ಒಣಗಿದ ಮೇಲೆ ಬೆರಳಿಗೇ ಸಿಗುತ್ತದೆ, ಕಣ್ಣು ಬೇಡ. ಟಿವಿಯ ಪಟ್ಟಿಯಲ್ಲಿ ಎಚ್‌ಡಿಎಂಐ 2ರ ಹೆಸರು ಬದಲಿಸಿ "ಅಜ್ಜಿ" ಅಂತ ಇಂಗ್ಲಿಷ್ ಅಕ್ಷರದಲ್ಲಿ ಬರೆದಳು. ಆ ಟಿವಿಗೆ ಕನ್ನಡ ಅಕ್ಷರ ಬರುತ್ತಿರಲಿಲ್ಲ. ಅದಕ್ಕೇ ರಿಮೋಟ್ ಮೇಲೆ ಒಂದು ಚೀಟಿ ಅಂಟಿಸಿ, ದುಂಡಗೆ ಕನ್ನಡದಲ್ಲಿ ಬರೆದಳು: "ಅಜ್ಜಿ".

ಮುಂದಿನ ಸೋಮವಾರ ಬೆಳಿಗ್ಗೆ 8:15ಕ್ಕೆ ಆಫೀಸಿನ ಪಾರ್ಕಿಂಗ್‌ನಲ್ಲಿ ಕಾರು ನಿಲ್ಲಿಸಿ ನನಗೆ ಒಳಗೆ ಹೋಗಲು ಮನಸ್ಸಾಗಲಿಲ್ಲ. ಹಿಂದಿನ ರಾತ್ರಿ ಮಗ ಗೇಮ್ ಆಡಿದ್ದ. ಫೋನ್ ಮಾಡಿದೆ. ತುಂಬ ಹೊತ್ತು ಬಡಿದುಕೊಂಡ ಮೇಲೆ ಎತ್ತಿದರು.

"ಅಮ್ಮ, ಟಿವಿ ಬಂತಾ?"

"ಏನಾದ್ರೂ ಅರ್ಜೆಂಟಾ?" ಅಂದರು. "ಇಲ್ಲಾಂದ್ರೆ ಆಮೇಲೆ ಮಾಡು. ನಿಮ್ಮ ಚಿಕ್ಕಮ್ಮನಿಗಿಂತ ಮೊದಲು ನನಗೇ ಗೊತ್ತಾಗ್ಬೇಕು, ಅವನು ತಾಳಿ ಕಟ್ತಾನೋ ಇಲ್ವೋ ಅಂತ!"

ಫೋನ್ ಇಟ್ಟುಬಿಟ್ಟರು. ನಾನು ಆಫೀಸಿನ ಒಳಗೆ ಹೋದೆ.

ಮಕ್ಕಳೇ, ನಿಮ್ಮ ಮನೆಗೆ ಅಜ್ಜಿ ತಾತ ಬರುವ ಮೊದಲೇ ಒಂದು ಶನಿವಾರ ಕೂತು ಈ ಕೆಲಸ ಮಾಡಿ. ಎಂಟು ಚೌಕದ ಕಾಗದ ಮರೆಯಬೇಡಿ. ಒಂಬತ್ತನೆಯ ಪರೀಕ್ಷೆಯನ್ನಂತೂ ಮರೆಯಲೇಬೇಡಿ.

ಪ್ರಶ್ನೆಗೆ ಉತ್ತರ: ಪ್ರತಿ ಗುಂಪಿಗೂ ಅದರ ತಿರುವುಮುರುವು ಜೊತೆಗೇ ಬರುವುದರಿಂದ ಲಘು ಯಾವಾಗಲೂ 16, ಗುರು ಯಾವಾಗಲೂ 16. ಒಟ್ಟು 48 ಮಾತ್ರೆ.